ಬಿ ಸಾಲಿನ ಹಿಂದಿನ ಗೋಡೆ: ನಮ್ಮ ಲೇಔಟ್ ವಾಟ್ಸ್ಯಾಪ್ ಗುಂಪು

ಬಿ-7 ಪ್ರಶಾಂತ, ರಾತ್ರಿ 2.48
ಯಾರಾದ್ರೂ ಎದ್ದಿದ್ದೀರಾ? ಇಲ್ಲದಿದ್ರೆ ಏಳಿ. ಮೇಲಿನ ಎ ಸಾಲನ್ನು ಹೊತ್ತ ಹಿಂದಿನ ಗೋಡೆಯಿಂದ ನೀರು ಚಿಮ್ಮಿ ಅಡುಗೆಮನೆ ಕಿಟಕಿಗೆ ಹೊಡೀತಾ ಉಂಟು. ಕಲ್ಲಿನ ಸಂದಿಯಿಂದ! ಅಮ್ಮನನ್ನೂ ಮಕ್ಕಳನ್ನೂ ಎದುರಿನ ರೂಮಿಗೆ ಕಳಿಸಿ ನಾನು ಟಾರ್ಚ್ ಹಿಡ್ಕೊಂಡು ನಿಂತಿದ್ದೇನೆ. ಮೀಟಿಂಗಿನಲ್ಲಿ "ಮಳೆಗಾಲ ಮುಗೀಲಿ, ನೋಡುವ" ಅಂದವರು ಈಗ ಬಂದು ನೋಡಿ.

ಬಿ-7 ಪ್ರಶಾಂತ, 2.51
ನೀರು ಕೆಂಪಲ್ಲ, ಬಿಳಿ. ಗಂಜಿ ತಿಳಿಯ ಹಾಗೆ.

ಬಿ-9 ಹಮೀದ್, 2.56
ನಮ್ಮಲ್ಲೂ ಬರ್ತಾ ಉಂಟು. ಬಟ್ಟೆ ಒಗೆಯುವ ಕಲ್ಲಿನ ಹತ್ರ ಗೋಡೆ ಹೊಟ್ಟೆ ಬಂದಿದೆ. ಬೇಸಿಗೆಯಲ್ಲಿ ಇಷ್ಟು ಇರ್ಲಿಲ್ಲ.

ಬಿ-3 ಜಯಂತಿ, 3.04
ಪ್ರಶಾಂತ, ಹಿಂದಿನ ರೂಮಿನಲ್ಲಿ ಯಾರೂ ಮಲಗ್ಬೇಡಿ. 2024ರ ಜೂನಿನಲ್ಲಿ ಮಂಗಳೂರಿನ ಹತ್ರ ಕುತ್ತಾರು ಮದನಿ ನಗರದಲ್ಲಿ ಕಂಪೌಂಡ್ ಗೋಡೆ ಮನೆ ಮೇಲೆ ಬಿದ್ದು ಒಂದೇ ಮನೆಯ 4 ಜನ ಹೋದ್ರಲ್ಲ, ನಂಗೆ ಅದೇ ಕಣ್ಣೆದುರು ಬರ್ತಾ ಉಂಟು. ಬೇಕಾದ್ರೆ ಎಲ್ಲರೂ ನಮ್ಮಲ್ಲಿಗೆ ಬನ್ನಿ, ನಮ್ಮದು ಮೂಲೆ ಮನೆ, ಗೋಡೆ ದೂರ.

ಎ-4 ಸದಾಶಿವ, ಬೆಳಿಗ್ಗೆ 5.42
ಎಲ್ಲರಿಗೂ ಶುಭೋದಯ. ರಾತ್ರಿಯ ಸಂದೇಶಗಳನ್ನು ಈಗಷ್ಟೇ ಓದಿದೆ. ದಯವಿಟ್ಟು ಗಾಬರಿ ಹಬ್ಬಿಸಬೇಡಿ. ನಮ್ಮ ಊರಿನ ಕೆಂಪು ಕಲ್ಲು ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುತ್ತದೆ. 1807ರಲ್ಲೇ ಬ್ರಿಟಿಷರ ಕಾಲದ ಸರ್ವೇ ಮಾಡಿದ ಬುಕಾನನ್ ಸಾಹೇಬರು ಮಲಬಾರಿನ ಅಂಗಾಡಿಪುರಂ ಕಡೆಯ ಕಲ್ಲನ್ನು ನೋಡಿ ಇದನ್ನು ಬರೆದಿದ್ದಾರೆ. ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟವರೂ ಅವರೇ. ಈ ಗೋಡೆ ಇಷ್ಟು ಮಳೆಗಾಲ ಕಂಡಿದೆ. ನೀರು ಬರುತ್ತಿದೆ ಎಂದರೆ ಗೋಡೆ ಉಸಿರಾಡುತ್ತಿದೆ ಎಂದರ್ಥ.

ಬಿ-7 ಪ್ರಶಾಂತ, 5.44
ಉಸಿರಾಡುವುದಾ ಸದಾಶಿವಣ್ಣ? ಕೆಳಗೆ ಇಳಿದು ಬಂದು ಅದರ ಉಸಿರು ನೀವೇ ಕುಡೀರಿ.

ಸಿ-8 ವಿಠಲ, 6.10
🌹🌹 ಮುಂಜಾನೆಯ ಮಂಜಿನಂತೆ ನಿಮ್ಮ ಕಷ್ಟಗಳು ಕರಗಲಿ 🌹🌹

ಬಿ-9 ಹಮೀದ್, 6.12
ವಿಠಲಣ್ಣ, ಕಷ್ಟ ಕರಗ್ತಾ ಇಲ್ಲ, ಗುಡ್ಡೆ ಕರಗ್ತಾ ಉಂಟು.

ಸಿ-2 ರಕ್ಷಿತ್, 7.20
ಈಗ ನೋಡಿ ಬಂದೆ. ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಬೇಡಿ.
ಕೆಂಪು ಕಲ್ಲು ಗಟ್ಟಿ ಆಗ್ತದೆ, ಸದಾಶಿವಣ್ಣ ಹೇಳಿದ್ದು ಸರಿ. ತೊಂದರೆ ಅದರ ಅಡಿಯಲ್ಲಿ ಉಂಟು. ನಮ್ಮಲ್ಲಿ ಕಲ್ಲಿನ ಪದರದ ಕೆಳಗೆ ಶೇಡಿ ಮಣ್ಣು, ಅಂದ್ರೆ ಬಿಳಿಚು ಬಣ್ಣದ ನುಣ್ಣಗಿನ ಜೇಡಿ. ಒಣಗಿದಾಗ ನೆಟ್ಟಗೆ ಕಡಿದ್ರೂ ನಿಲ್ತದೆ, ಅದಕ್ಕೇ ಹಿಟಾಚಿಯವರಿಗೆ ಪ್ರೀತಿ. ನೀರು ಕುಡಿದ್ರೆ ಬಲ ಹೋಗ್ತದೆ, ನುಣ್ಣಗಿನ ಪುಡಿ ನೀರಿನ ಜೊತೆ ಹರಿದು ಬರ್ತದೆ. ಸುರತ್ಕಲ್ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯಲ್ಲಿ ಈ ಮಣ್ಣಿನ ಮೇಲೆ ತುಂಬಾ ಸಂಶೋಧನೆ ಆಗಿದೆ. ಪ್ರಶಾಂತಣ್ಣ ನೋಡಿದ ಬಿಳಿ ನೀರು ಅದೇ. ಅಂದ್ರೆ ಗೋಡೆಯ ಹಿಂದೆ ಪೊಳ್ಳು ಆಗ್ತಾ ಉಂಟು.
ಎರಡನೇದು, ಗೋಡೆ ಮೊದಲು ಇದ್ದದ್ದು 10 ಅಡಿ. ಎ ಸಾಲಿಗೆ ಮಣ್ಣು ತುಂಬಿ ಸಮತಟ್ಟು ಮಾಡುವಾಗ ಅದೇ ಪಾಯದ ಮೇಲೆ ಇನ್ನೊಂದು 10 ಅಡಿ ಏರಿಸಿದ್ದಾರೆ. ಎತ್ತರ ಎರಡು ಪಟ್ಟಾದ್ರೆ ಮಣ್ಣಿನ ನೂಕು ನಾಲ್ಕು ಪಟ್ಟು, ಗೋಡೆಯನ್ನು ಬುಡದಿಂದ ಮಗುಚುವ ಬಲ ಎಂಟು ಪಟ್ಟು. ಸಾಮಾನ್ಯವಾಗಿ ಇಂಥ ಗೋಡೆಯ ಪಾಯ ಎತ್ತರದ ಅರ್ಧಕ್ಕಿಂತ ಅಗಲ ಬೇಕು. ನಮ್ಮದು 10 ಅಡಿ ಗೋಡೆಗೆ ಹಾಕಿದ ಪಾಯ.
ಮೂರನೇದು ನೀರು. 6 ಮೀಟರ್ (ಸುಮಾರು 20 ಅಡಿ) ಗೋಡೆಗೆ ಹಿಂದಿನ ಮಣ್ಣು ಒಣಗಿದ್ರೆ ಒಂದು ಮೀಟರ್ ಉದ್ದಕ್ಕೆ ಸುಮಾರು 10–11 ಟನ್ ನೂಕು. ನೀರು ತುಂಬಿ ನಿಂತ್ರೆ ಬರೀ ನೀರೇ 18 ಟನ್ ನೂಕ್ತದೆ, ಮಣ್ಣಿನದ್ದು ಬೇರೆ. ಆ ನೀರು ಹೊರಗೆ ಬರ್ಲಿಕ್ಕೆ ಅಂತಲೇ ಗೋಡೆಯಲ್ಲಿ ಪೈಪ್ ಇಟ್ಟಿರ್ತಾರೆ. ಬಿ-5ರಿಂದ ಬಿ-9ರವರೆಗೆ ನನಗೆ ಒಂದೇ ಒಂದು ತೆರೆದ ಪೈಪ್ ಕಾಣ್ಲಿಲ್ಲ. ಎಲ್ಲದಕ್ಕೂ ಸಿಮೆಂಟ್ ಮೆತ್ತಿದ್ದಾರೆ.

ಎ-4 ಸದಾಶಿವ, 7.26
ನೋಡಿದಿರಾ! ತಪ್ಪು ಯಾರದ್ದು ಅಂತ ಈಗ ಗೊತ್ತಾಯಿತು.

ಬಿ-5 ಶ್ಯಾಮಲಾ, 7.31
ನಾವು ಸುಮ್ಮನೆ ಮೆತ್ತಿದ್ದಲ್ಲ. ಆ ಪೈಪಿನಿಂದ ಹಾವು ಬರ್ತದೆ. ಕಳೆದ ವರ್ಷ ಕನ್ನಡಿ ಹಾವು ಗ್ಯಾಸ್ ಸಿಲಿಂಡರ್ ಹಿಂದೆ ಸುತ್ತಿಕೊಂಡು ಕೂತಿತ್ತು. ನೀವು ಮೇಲೆ ಕೂತು ಹೇಳ್ಲಿಕ್ಕೆ ಸುಲಭ.

ಸಿ-2 ರಕ್ಷಿತ್, 7.33
ಅಕ್ಕ, ಬಾಯಿಗೆ ಜಾಲರಿ ಹಾಕಿದ್ರೆ ಸಾಕಿತ್ತು.

ಬಿ-7 ಪ್ರಶಾಂತ, 7.35
ಪೈಪಿನ ಮಾತು ಇರ್ಲಿ. ನೀರು ಎಲ್ಲಿಂದ ಬರ್ತದೆ ಅಂತ ಕೇಳಿ. ಎ-4ರ ಇಂಗುಗುಂಡಿ ಗೋಡೆಯಿಂದ ಎಷ್ಟು ದೂರ? ಮೂರು ಹೆಜ್ಜೆ. ಇಡೀ ತಾರಸಿ ನೀರು ಅದರೊಳಗೆ ಬಿಡ್ತಾರೆ. ನಮ್ಮ ತಲೆ ಮೇಲೆ ಬಾವಿ ತೋಡಿದ ಹಾಗೆ.

ಎ-4 ಸದಾಶಿವ, 7.49
ಮಳೆಕೊಯ್ಲು ಮಾಡಿದವನಿಗೆ ಸನ್ಮಾನ ಮಾಡಬೇಕು, ಇಲ್ಲಿ ಆರೋಪ! ನಾನು ಗುಂಡಿ ತೋಡುವಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದೀರಿ, ಫೋಟೊ ಇದೇ ಗುಂಪಿನಲ್ಲಿದೆ. ಪ್ರಶಾಂತರು ಸ್ಟೋರ್ ರೂಮ್ ಕಟ್ಟಲು ಗೋಡೆಯ ಬುಡದ ಮಣ್ಣು ತೆಗೆಸಿದ್ದು ಯಾವ ಇಂಜಿನಿಯರಿಂಗ್? ಬುಡ ಕಡಿದ ಮರ ಬೀಳುತ್ತದೆ ಎಂದು ಹೇಳಲು ಡಿಗ್ರಿ ಬೇಡ. ಇದರ ಬಗ್ಗೆ ನನ್ನ ಬಳಿ ಎಂಟು ಅಂಶಗಳಿವೆ, ಒಂದೊಂದಾಗಿ ಹಾಕುತ್ತೇನೆ.

ಬಿ-9 ಹಮೀದ್, 7.50
ಅಯ್ಯೋ ಬೇಡ ಮಾರಾಯ್ರೇ.

ಎ-4 ಸದಾಶಿವ, 7.58
ಅಂಶ 1: ಬಿಲ್ಡರ್ ಕೊಟ್ಟ ನಕ್ಷೆಯಲ್ಲಿ ಗೋಡೆಯನ್ನು "ಕಂಪೌಂಡ್" ಎಂದು ತೋರಿಸಿದ್ದಾನೆ. ಕಂಪೌಂಡ್ ಎಂದರೆ ಗಡಿ. ಗಡಿಯ ಖರ್ಚು ಇಬ್ಬರದ್ದು ಎನ್ನುವವರಿಗೆ ಉತ್ತರ: ಗೋಡೆ ನಿಂತಿರುವುದು ಬಿ ಸಾಲಿನ ಜಾಗದಲ್ಲಿ.

ಬಿ-7 ಪ್ರಶಾಂತ, 8.00
ಹೊತ್ತು ನಿಂತಿರುವುದು ನಿಮ್ಮ ಅಂಗಳ!

ಸಿ-8 ವಿಠಲ, 8.03
ಫಾರ್ವರ್ಡ್: ಇವತ್ತು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ. ಮೊಬೈಲ್ ಸ್ವಿಚ್ ಆಫ್ ಮಾಡಿ. ಎಲ್ಲರಿಗೂ ತಿಳಿಸಿ.

ಬಿ-3 ಜಯಂತಿ, 8.05
ವಿಠಲಣ್ಣ, ಇವತ್ತು ರಾತ್ರಿ ಬಿ ಸಾಲಿನವರ ಮೊಬೈಲ್ ಆನ್ ಇರ್ಬೇಕು. ದಮ್ಮಯ್ಯ, ಇಂಥದ್ದು ಹಾಕ್ಬೇಡಿ.

ಬಿ-11 ಡಿಸೋಜ (ಮಸ್ಕತ್), 8.20
ಈಗ ಓದಿದೆ. ನನ್ನ ಬಾಡಿಗೆಯವರು ಫೋನ್ ಮಾಡಿ ಹೆದರ್ತಾ ಇದ್ದಾರೆ. ನನ್ನ ಪಾಲು ಎಷ್ಟು ಅಂತ ಹೇಳಿ, ಇವತ್ತೇ ಕಳಿಸ್ತೇನೆ.

ಎ-1 ಅಧ್ಯಕ್ಷರು, 9.15
ಎಲ್ಲರೂ ಸಮಾಧಾನದಿಂದ ಇರಬೇಕು. ರಕ್ಷಿತ್, ತಕ್ಷಣ ಮಾಡಬೇಕಾದದ್ದು ಎಂತ, ಮಳೆ ಬಿಟ್ಟ ಮೇಲೆ ಮಾಡಬೇಕಾದದ್ದು ಎಂತ, ಬರೆದು ಹಾಕಿ.

ಸಿ-2 ರಕ್ಷಿತ್, 9.40
ಇವತ್ತೇ ಆಗ್ಬೇಕಾದದ್ದು: ಬಿ-5ರಿಂದ ಬಿ-9 ಹಿಂದಿನ ರೂಮು, ಬಚ್ಚಲು ಬಳಸ್ಬೇಡಿ. ಪ್ರಶಾಂತಣ್ಣ, ಹಮೀದಾಕ ಕೆಲವು ದಿನ ಮನೆ ಬಿಡುವುದೇ ಒಳ್ಳೇದು. ಎ-4, ಎ-5 ತಾರಸಿ ನೀರನ್ನು ಪೈಪ್ ಹಾಕಿ ರಸ್ತೆ ಬದಿ ಚರಂಡಿಗೆ ತಿರುಗಿಸಿ, ಇಂಗುಗುಂಡಿ ಬಾಯಿ ಮುಚ್ಚಿ. ಇಂಗುಗುಂಡಿ ಒಳ್ಳೇದೇ, ಗೋಡೆಯ ತಲೆ ಮೇಲೆ ಮಾತ್ರ ಆಗ್ಲಿಕ್ಕಿಲ್ಲ. ಗೋಡೆ ಹಿಂದೆ ಅಂಗಳದಲ್ಲಿ ಬಿರುಕು ಬಿಟ್ಟ ಕಡೆ ಟಾರ್ಪಾಲ್. ಮುಚ್ಚಿದ ಪೈಪುಗಳನ್ನು ತೆರೀಲೇಬೇಕು, ಆದ್ರೆ ಸುತ್ತಿಗೆ ಹಿಡ್ಕೊಂಡು ಈಗ ಯಾರೂ ಗೋಡೆ ಅಡಿಗೆ ಹೋಗ್ಬೇಡಿ, ಅದು ಗೊತ್ತಿದ್ದವರ ಕೆಲಸ.
ಗೋಡೆಯ ಬಿರುಕಿನ ಮೇಲೆ ಸಣ್ಣ ಗಾಜಿನ ತುಂಡನ್ನು ಪ್ಲಾಸ್ಟರ್‌ನಲ್ಲಿ ಕೂರಿಸ್ತೇನೆ, ಅದರ ಮೇಲೆ ತಾರೀಕು ಬರೀತೇನೆ. ಗೋಡೆ ಅಲುಗಿದ್ರೆ ಗಾಜು ಒಡೀತದೆ.
ಆಮೇಲೆ ಮಣ್ಣು ಪರೀಕ್ಷೆ. ಕನಿಷ್ಠ ಮೇಲೊಂದು, ಕೆಳಗೊಂದು ಬೋರ್, ಅಂದ್ರೆ ಪರೀಕ್ಷೆಗೆ ಕೊರೆಯುವ ತೂತು. 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಮೇಲಿಂದ ಬೀಳಿಸ್ತಾ, ಕೊಳವೆ 30 ಸೆಂ.ಮೀ. ಇಳೀಲಿಕ್ಕೆ ಎಷ್ಟು ಪೆಟ್ಟು ಬೇಕು ಅಂತ ಎಣಿಸ್ತಾರೆ. ಶೇಡಿ ಎಷ್ಟು ಆಳದಲ್ಲಿ ಉಂಟು ಅಂತ ಗೊತ್ತಾಗದೆ ಹೊಸ ಗೋಡೆ, ಗೇಬಿಯನ್ (ಕಲ್ಲು ತುಂಬಿದ ತಂತಿ ಬುಟ್ಟಿ), ಸಾಯಿಲ್ ನೈಲಿಂಗ್ (ಮಣ್ಣಿಗೆ ಸರಳು ಹೊಡೆಯುವುದು) ಅಂತ ಮಾತಾಡಿ ಪ್ರಯೋಜನ ಇಲ್ಲ.

ಸಿ-5 ಕ್ಯಾಪ್ಟನ್, 9.52
ರಕ್ಷಿತ್ ಹೇಳಿದ್ದು ನೂರಕ್ಕೆ ನೂರು. ಹಡಗಿನಲ್ಲಿದ್ದಾಗ ಹಾಂಗ್‌ಕಾಂಗ್‌ನಲ್ಲಿ ನೋಡಿದ್ದೇನೆ, ಅಲ್ಲಿ ಗುಡ್ಡ ಕಡಿದ ಪ್ರತಿ ಬರೆಗೂ (ಇಳಿಜಾರಿಗೂ) ಒಂದು ನಂಬರ್, ಬೋರ್ಡ್ ಸಮೇತ. 1972ರಲ್ಲಿ ಒಂದೇ ದಿನ ಎರಡು ಕಡೆ ಗುಡ್ಡ ಜರಿದು ನೂರಕ್ಕಿಂತ ಹೆಚ್ಚು ಜನ ಸತ್ತ ಮೇಲೆ ಅವರಿಗೆ ಬುದ್ಧಿ ಬಂತು. 1977ರಲ್ಲಿ ಬರೆಗಳಿಗೆ ಅಂತಲೇ ಒಂದು ಆಫೀಸು ಮಾಡಿದ್ರು. ಆ ಊರಿನಲ್ಲಿ ನಾವು ತಿಂದ ಮೀನಿನ ಕತೆ ಇನ್ನೊಮ್ಮೆ ಹೇಳ್ತೇನೆ.

ಬಿ-9 ಹಮೀದ್, 9.53
ನಮ್ಮ ಗೋಡೆಗೂ ನಂಬರ್ ಉಂಟು ಕ್ಯಾಪ್ಟನ್. 420.

ಎ-4 ಸದಾಶಿವ, 10.05
ಅಂಶ 2: ಇಂಗುಗುಂಡಿ ಮುಚ್ಚಿದರೆ ಬೇಸಿಗೆಯಲ್ಲಿ ನಮ್ಮ ಬಾವಿಗೆ ನೀರು ಯಾರು ಕೊಡುತ್ತಾರೆ? ಲಿಖಿತವಾಗಿ ಕೊಡಲಿ.

ಬಿ-3 ಜಯಂತಿ, 10.07
ಸದಾಶಿವಣ್ಣ, ಈ ಮಳೆ ನಿಲ್ಲುವವರೆಗಾದ್ರೂ ಮುಚ್ಚಿ. ನಾನು ಕೈ ಮುಗೀತೇನೆ.

ಎ-4 ಸದಾಶಿವ, 10.30
ಜಯಂತಿಯವರ ಮಾತಿಗೆ ಗೌರವ ಕೊಟ್ಟು ತಾತ್ಕಾಲಿಕವಾಗಿ ಮುಚ್ಚುತ್ತಿದ್ದೇನೆ. ಇದು ತಪ್ಪೊಪ್ಪಿಗೆ ಅಲ್ಲ.

ಎ-1 ಅಧ್ಯಕ್ಷರು, ಸಂಜೆ 6.10
ತೀರ್ಮಾನ: ಶನಿವಾರ ಮಣ್ಣು ಪರೀಕ್ಷೆಯ ಮಿಷನ್ ಬರುತ್ತದೆ. ಸದ್ಯಕ್ಕೆ ಸಂಘದ ಹಣದಿಂದ ಕೊಡುವುದು, ಪಾಲು ಆಮೇಲೆ.

ಸಿ-6 ಮೋಹನ, 6.14
ಸಿ ಸಾಲಿಗೆ ಗೋಡೆಯೇ ಇಲ್ಲ. ನಮ್ಮ ಹಣ ಯಾಕೆ?

ಬಿ-7 ಪ್ರಶಾಂತ, 6.15
ನಿಮ್ಮ ಮನೆಗೆ ಹೋಗುವ ರಸ್ತೆ ಆ ಗೋಡೆಯ ಕೊನೆಯಲ್ಲೇ ಹಾದು ಹೋಗುವುದು ಮೋಹನಣ್ಣ. ಅದು ಜರಿದ್ರೆ ಹೆಲಿಕಾಪ್ಟರಿನಲ್ಲಿ ಬನ್ನಿ.

ಬಿ-11 ಡಿಸೋಜ (ಮಸ್ಕತ್), 6.40
ಅಕೌಂಟ್ ನಂಬರ್ ಕಳಿಸಿ ಅಂದಿದ್ದೆ.

ಬಿ-7 ಪ್ರಶಾಂತ, ಶುಕ್ರವಾರ 8.00
ಅಮ್ಮನನ್ನು ಕರ್ಕೊಂಡು ಕಾರ್ಕಳಕ್ಕೆ ಹೋಗ್ತಾ ಇದ್ದೇನೆ. ಕೀಲಿ ಜಯಂತಿಯಕ್ಕನ ಹತ್ರ ಉಂಟು. ರಕ್ಷಿತ್, ಗಾಜು ನೋಡ್ತಾ ಇರು.

ಎ-1 ಅಧ್ಯಕ್ಷರು, ಶನಿವಾರ 10.20
ಮಿಷನಿನ ಲಾರಿ ತಿರುವಿನಲ್ಲಿ ಸಿಕ್ಕಿಬಿದ್ದಿದೆ. ಬಿಳಿ ಸ್ವಿಫ್ಟ್ ಯಾರದ್ದು? ದಯವಿಟ್ಟು ತೆಗೆಯಿರಿ.

ಎ-6 ಐರಿನ್ ಟೀಚರ್, 10.24
ನಮ್ಮದಲ್ಲ. ನಮ್ಮದು ಬೆಳ್ಳಿ ಬಣ್ಣದ್ದು.

ಸಿ-6 ಮೋಹನ, 10.31
ಸ್ವಿಫ್ಟ್ ನಮ್ಮ ಅಳಿಯನದ್ದು, ಅವನು ಬಿ.ಸಿ. ರೋಡಿಗೆ ಹೋಗಿದ್ದಾನೆ, ಕೀಲಿ ಅವನ ಹತ್ರ. ಲಾರಿಯವರು ಸ್ವಲ್ಪ ಓರೆ ಮಾಡಿ ತೆಗೀಲಿ.

ಸಿ-2 ರಕ್ಷಿತ್, 11.45
ಲಾರಿ ವಾಪಸ್ ಹೋಯ್ತು. ಇನ್ನೊಂದು ಸೈಟಿನ ಬುಕಿಂಗ್ ಉಂಟಂತೆ, ಮುಂದಿನ ತಾರೀಕು ಹೇಳ್ತಾರಂತೆ.

ಎ-4 ಸದಾಶಿವ, 11.50
ಮೂಲ ಸಮಸ್ಯೆ ಈಗ ಹೊರಗೆ ಬಂತು! ಪಾರ್ಕಿಂಗ್! ಲಾರಿ ಬಾರದ ಲೇಔಟಿಗೆ ನಾಳೆ ಆಂಬುಲೆನ್ಸ್ ಬರುತ್ತದೆಯೇ? ಒಂದು ಮನೆಗೆ ಎಷ್ಟು ಗಾಡಿ ಎಂಬ ನಿಯಮ ಆಗಲೇಬೇಕು. ಅಂಶ 3ರಿಂದ 8ರವರೆಗೆ ಇದರ ಬಗ್ಗೆಯೇ ಬರೆಯುತ್ತೇನೆ.

ಎ-6 ಐರಿನ್ ಟೀಚರ್, 11.53
ಸದಾಶಿವರ ಮಾತು ಇವತ್ತು ಮೊದಲ ಸಲ ಸರಿ. ನಮ್ಮ ಗೇಟಿನ ಎದುರು ದಿನಾ ಯಾರದ್ದೋ ಬೈಕ್.

ಸಿ-5 ಕ್ಯಾಪ್ಟನ್, 11.55
ಸ್ಟಿಕರ್ ಮಾಡಿಸಿ. ಬಂದರಿನಲ್ಲೂ ಪಾಸ್ ಇಲ್ಲದೆ ಬಿಡುವುದಿಲ್ಲ.

ಸಿ-2 ರಕ್ಷಿತ್, ಮಧ್ಯಾಹ್ನ 2.10
ಬಿ-7ರ ಹಿಂದೆ ಇಟ್ಟ ಗಾಜು ಒಡೆದಿದೆ. ಬಿ-9ರದ್ದು ಸರಿ ಉಂಟು. ಫೋಟೊ ಹಾಕಿದ್ದೇನೆ. ಅಧ್ಯಕ್ಷರೇ, ಮಿಷನಿನವರಿಗೆ ಇವತ್ತೇ ಇನ್ನೊಮ್ಮೆ ಫೋನ್ ಮಾಡಿ.

ಎ-6 ಐರಿನ್ ಟೀಚರ್, 2.15
ಸ್ಟಿಕರ್ ಮನೆಗೆ ಒಂದಾ ಎರಡಾ? ನಮ್ಮಲ್ಲಿ ಮಗನದ್ದು ಸೇರಿ ಎರಡು ಗಾಡಿ.

ಎ-1 ಅಧ್ಯಕ್ಷರು, 2.40
ರಕ್ಷಿತ್, ಸೋಮವಾರ ಮಾತಾಡುವ. ಸ್ಟಿಕರ್ ಕಾರಿಗೆ ಹಸಿರು, ಬೈಕಿಗೆ ಹಳದಿ. ಪ್ರಿಂಟಿಂಗಿಗೆ ಡಿಸೋಜರು ಹಣ ಕಳಿಸಿದ್ದಾರೆ.

ಬಿ-11 ಡಿಸೋಜ (ಮಸ್ಕತ್), 2.44
ಅದು ಗೋಡೆಗೆ ಕಳಿಸಿದ್ದು ಮಾರಾಯ್ರೇ!

ಸಿ-6 ಮೋಹನ, 2.50
ಪ್ರಶಾಂತ ಕಾರ್ಕಳದಲ್ಲಿ ಅಲ್ವಾ? ಅವರ ಮನೆ ಎದುರು ಜಾಗ ಖಾಲಿ ಉಂಟು. ಅಳಿಯನ ಗಾಡಿ ಅಲ್ಲಿ ಇಡ್ಬಹುದಾ?

ಎ-4 ಸದಾಶಿವ, 2.51
ಇಡಿ. ಸ್ಟಿಕರ್ ಹಾಕಿ ಇಡಿ.