ಕೊಳವೆಬಾವಿ ನೀರಿನ ಪರೀಕ್ಷಾ ವರದಿ: ಕೇಳುವವರಿಗೆ ಕೊಡಲೇಬೇಕೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾವು ಬಯಲುಸೀಮೆಯ ಒಂದು ಹಳ್ಳಿಯವರು. ನಮ್ಮ ಶಾಲೆಯ ಮಕ್ಕಳ ಹಲ್ಲುಗಳ ಮೇಲೆ ಕಂದು ಗೆರೆಗಳು ಮೂಡಿವೆ. ಓವರ್‌ಹೆಡ್ ಟ್ಯಾಂಕಿಗೆ ನೀರು ಹರಿಸುವ ಎರಡು ಕೊಳವೆಬಾವಿಗಳಿಂದ ಸಿಬ್ಬಂದಿ ಬಾಟಲಿಗಳಲ್ಲಿ ನೀರು ಹಿಡಿದು, ಚೀಟಿ ಅಂಟಿಸಿ ಒಯ್ದು ವರ್ಷವಾಗುತ್ತಾ ಬಂದರೂ ಫಲಿತಾಂಶ ತಿಳಿಯಲಿಲ್ಲ. ಕಚೇರಿಯಲ್ಲಿ ವಿಚಾರಿಸಿದರೆ ‘ಅದು ಇಲಾಖೆಯ ಒಳಗಿನ ವರದಿ’ ಎನ್ನುತ್ತಾರೆ. ಶಾಲೆಯಲ್ಲಿ ನಡೆದ ದಂತ ತಪಾಸಣೆಯ ವಿವರವೂ ನಮಗೆ ಬೇಕು. ಏನು ಮಾಡಬಹುದು?

ಉತ್ತರ: ನಮಸ್ಕಾರ. ‘ಒಳಗಿನ ವರದಿ’ ಎಂಬ ವಿನಾಯಿತಿ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇಲ್ಲ. ಕಚೇರಿಯ ಸುಪರ್ದಿನಲ್ಲಿರುವ ವರದಿಗಳಷ್ಟೇ ಅಲ್ಲ, ಮಾದರಿಗಳೂ ಆ ಕಾಯ್ದೆಯ ಪ್ರಕಾರ ಮಾಹಿತಿಯೇ. ಆದರೆ ಬಹಳಷ್ಟು ಅರ್ಜಿಗಳು ಸೋಲುವುದು ‘ನೀರು ಏಕೆ ಕೆಟ್ಟಿದೆ, ಯಾರು ಹೊಣೆ’ ಎಂದು ಕೇಳುವುದರಿಂದ. ಮಾಹಿತಿ ಅಧಿಕಾರಿ ಕೊಡಬೇಕಾದದ್ದು ಕಡತದಲ್ಲಿ ಇರುವುದನ್ನೇ ಹೊರತು ವಿವರಣೆಯನ್ನಲ್ಲ. ಆದ್ದರಿಂದ ಗ್ರಾಮದ ಹೆಸರು, ಕೊಳವೆಬಾವಿ ಇರುವ ಜಾಗ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಂಬುದನ್ನು ಬರೆದು, ‘ಫ್ಲೋರೈಡ್ ಮತ್ತು ನೈಟ್ರೇಟ್ ಪ್ರಮಾಣವನ್ನು ಒಳಗೊಂಡ ಪ್ರಯೋಗಾಲಯ ವರದಿಗಳ ದೃಢೀಕೃತ ನಕಲು’ ಎಂದಷ್ಟೇ ಕೇಳಿ. ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಇಂಥ ಕಂದು ಕಲೆ ಮೂಡಬಹುದು. ಹಾಗಾಗಿ ವರದಿ ಕೈಗೆ ಬಂದಾಗ ಮೊದಲು ಫ್ಲೋರೈಡ್ ಸಾಲನ್ನು ನೋಡಿ: ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರಿನ ಮೂಲವಿಲ್ಲದ ಕಡೆ 1.5. (ಕಾಯಿಸಿ ಕುಡಿದರೆ ಫ್ಲೋರೈಡ್ ಹೋಗುವುದಿಲ್ಲವೆಂಬುದನ್ನು ಊರಿನವರಿಗೆ ಈಗಲೇ ಹೇಳಿಬಿಡಿ.)

ದಂತ ತಪಾಸಣೆಗೆ ಪ್ರತ್ಯೇಕ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳೊಳಗೆ. ಎರಡನ್ನೂ ಬೆರೆಸಿದರೆ ಅಷ್ಟಕ್ಕೇ ಹಿಂಬರಹ ಬರುತ್ತದೆ. ಮಕ್ಕಳ ಹೆಸರು ಕೇಳಬೇಡಿ, ಅದು ವೈಯಕ್ತಿಕ ಮಾಹಿತಿ. ತರಗತಿವಾರು ಎಷ್ಟು ಮಕ್ಕಳನ್ನು ಪರೀಕ್ಷಿಸಿದರು, ಎಷ್ಟು ಮಂದಿಯಲ್ಲಿ ಕಲೆ ಕಂಡುಬಂತು ಎಂಬ ಸಂಖ್ಯೆಗಳಿಂದಲೇ ನಿಮ್ಮ ಕೆಲಸ ಆಗುತ್ತದೆ.

ಪ್ರಶ್ನೆ: ಶುಲ್ಕ ಎಷ್ಟು? ‘ನಿಮಗೇಕೆ ಬೇಕು’ ಎಂದು ಕೇಳಿದರೆ ಏನು ಹೇಳುವುದು ಸರ್?

ಉತ್ತರ: ಅರ್ಜಿಗೆ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕಾರಣ ಹೇಳಬೇಕಾಗಿಲ್ಲವೆಂದು ಕಾಯ್ದೆಯ 6(2)ನೆಯ ಕಲಮಿನಲ್ಲೇ ಇದೆ. ಬೇರೆ ಕಚೇರಿಗೆ ಸೇರಿದ ವಿಷಯವಾದರೆ ಅರ್ಜಿಯನ್ನು ಪಡೆದ ಕಚೇರಿಯವರೇ 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಅಂಚೆಯ ಸ್ವೀಕೃತಿ ಚೀಟಿಯನ್ನು ಮಾತ್ರ ಕಳೆದುಕೊಳ್ಳಬೇಡಿ; ದಿನಗಳ ಲೆಕ್ಕಕ್ಕೆ ಅದೇ ಆಧಾರ.