ದಷ್ಟಪುಷ್ಟ ಮರಿಗಳೇ ಸಾಯುತ್ತಿವೆ: ಕರುಳುಬೇನೆಯೇ?

ಕುರಿಹಟ್ಟಿ_ಜಗಳೂರು: ಮೆಕ್ಕೆಜೋಳ ಮುರಿದ ಹೊಲಕ್ಕೆ ಕುರಿ ಬಿಟ್ಟ ಮೇಲೆ ಸಾವು ಶುರುವಾಗಿದೆ. ಸಂಜೆ ಚೆನ್ನಾಗಿ ಮೇದು ಬಂದ ಟಗರುಮರಿ ಬೆಳಗ್ಗೆ ಹೊಟ್ಟೆ ಉಬ್ಬಿ ಸತ್ತಿರುತ್ತೆ. ಒಂದು ಮಾತ್ರ ಕಣ್ಣೆದುರೇ ಕತ್ತು ಹಿಂದಕ್ಕೆ ಸೆಟೆದು, ಕಾಲು ಬಡಿದು ಸತ್ತಿತು. ಸೊರಗಿದ ಮರಿಗಳಿಗೆ ಏನೂ ಆಗಿಲ್ಲ. ಮರಿಗಳಿಗೆ ಕರುಳುಬೇನೆಯ ಇಟಿ (ಎಂಟರೋಟಾಕ್ಸಿಮಿಯಾ) ಲಸಿಕೆ ಒಂದು ಸಲ ಹಾಕಿಸಿದೆ. ಇದು ಒಂದರಿಂದ ಇನ್ನೊಂದಕ್ಕೆ ಅಂಟುತ್ತಾ ಸರ್?

ಪಶುವೈದ್ಯ_ದಾವಣಗೆರೆ: ಲಕ್ಷಣ ಕರುಳುಬೇನೆಗೇ ಹೊಂದುತ್ತೆ. ಅಂಟುವುದಿಲ್ಲ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಡಿ ಮಾದರಿಯ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಕುರಿಯ ಕರುಳಲ್ಲೂ ಅಷ್ಟಿಷ್ಟು ಇರಬಹುದು. ಉದುರಿದ ತೆನೆಯನ್ನು ಒಮ್ಮೆಲೇ ಹೊಟ್ಟೆತುಂಬ ತಿಂದರೆ ಅರಗದ ಪಿಷ್ಟ ಸಣ್ಣಕರುಳಿಗೆ ಇಳಿಯುತ್ತೆ. ಅದನ್ನುಂಡು ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದು ಎಪ್ಸಿಲಾನ್ ವಿಷ ಬಿಡುತ್ತೆ. ಬಿಟ್ಟಾಗ ಅದು ಸಪ್ಪೆ. ಕುರಿಯ ಕರುಳಿನಲ್ಲಿ ಮೇವು ಅರಗಿಸುವ ಕಿಣ್ವ ಟ್ರಿಪ್ಸಿನ್ನೇ ಅದಕ್ಕೆ ಶಕ್ತಿ ಕೊಡೋದು. ವಿಷ ರಕ್ತಕ್ಕೆ ಸೇರಿ ಮಿದುಳು ಮುಟ್ಟಿದ ಮೇಲೆ ಯಾವ ಆಂಟಿಬಯಾಟಿಕ್ಕೂ ಅದನ್ನು ಇಳಿಸದು. ಗಬಗಬ ತಿನ್ನುವ ಕೊಬ್ಬಿದ ಮರಿಯೇ ಮೊದಲು ಸಾಯುವುದು ಅದಕ್ಕೇ.

ಇವತ್ತೇ ಆ ಹೊಲ ಬಿಡಿಸಿ, ಒಣಮೇವಿಗೆ ಹಾಕಿ. ಮುಂದೆ ಕಾಳು ಕೊಡುವಾಗ ಮರಿಗೆ ದಿನಕ್ಕೆ 50 ಗ್ರಾಂನಿಂದ ಶುರುಮಾಡಿ, ಎರಡು ಮೂರು ದಿನಕ್ಕೊಮ್ಮೆ ಅಷ್ಟೇ ಏರಿಸಿ. ಮೊದಲು ಒಣಮೇವು, ಆಮೇಲೆ ಕಾಳು.

ಲಸಿಕೆ_ಚೀಲ: ಮೊದಲ ಸಲ ಹಾಕಿಸುವ ಮರಿಗೆ ಒಂದೇ ಡೋಸ್ ಸಾಲದು ಅಣ್ಣಾ. ಎರಡು ಮೂರು ವಾರ ಬಿಟ್ಟು ಬೂಸ್ಟರ್ ಬೇಕೇ ಬೇಕು, ನಮ್ಮ ಕಡೆ ತಪ್ಪಿಹೋಗುವುದು ಇದೇ. ಚರ್ಮದಡಿ ಹಾಕಬೇಕು, ಸಾಮಾನ್ಯವಾಗಿ 2 ಮಿ.ಲೀ., ಆದರೂ ಬಾಟಲಿ ಮೇಲಿನ ಪ್ರಮಾಣ ನೋಡಿ. ಆಮೇಲೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ. ಗಬ್ಬದ ಕುರಿಗೆ ಈಯುವ 4ರಿಂದ 6 ವಾರ ಮೊದಲು ಹಾಕಿಸಿದರೆ ಗಿಣ್ಣುಹಾಲಿನಿಂದ ಮರಿಗೂ ರಕ್ಷಣೆ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿಡಿ. ಹೆಪ್ಪುಗಟ್ಟಿದ ಬಾಟಲಿ ಕರಗಿದರೂ ಕೆಲಸಕ್ಕೆ ಬಾರದು, ಎಸೆಯಿರಿ. ಆಡುಗಳಲ್ಲಿ ಇದರ ಶಕ್ತಿ ಬೇಗ ಇಳಿಯುತ್ತೆ, ಆರು ತಿಂಗಳಿಗೊಮ್ಮೆ ಹಾಕಿಸುವುದು ಒಳ್ಳೆಯದು.

ಕುರಿಹಟ್ಟಿ_ಜಗಳೂರು: ಇವತ್ತೇ ಹಾಕಿಸಿದರೆ ನಾಳೆಯಿಂದ ಸಾವು ನಿಲ್ಲುತ್ತಾ?

ಪಶುವೈದ್ಯ_ದಾವಣಗೆರೆ: ಲಸಿಕೆಯಿಂದ ಅಷ್ಟು ಬೇಗ ನಿಲ್ಲದು. ಒಂದು ಡೋಸ್ ಮೊದಲೇ ಬಿದ್ದಿರುವ ಮರಿಗೆ ಕೆಲವೇ ದಿನದಲ್ಲಿ ಬಲ ಬರುತ್ತೆ, ಹೊಸದಕ್ಕೆ ಎರಡು ವಾರವಾದರೂ ಬೇಕು. ಅಲ್ಲಿವರೆಗೆ ಮರಿಗಳನ್ನು ಕಾಪಾಡುವುದು ಮೇವಿನ ಬದಲಾವಣೆಯೇ. ಸತ್ತ ಮರಿಯ ಮೂಗಿಂದಲೋ ಗುದದಿಂದಲೋ ಹೆಪ್ಪುಗಟ್ಟದ ಕಪ್ಪು ರಕ್ತ ಒಸರಿದ್ದರೆ ಕೊಯ್ಯಲೇಬೇಡಿ, ಮನುಷ್ಯರಿಗೂ ತಗಲುವ ಮಾರಕ ರೋಗ ಆಂಥ್ರಾಕ್ಸ್ ಇರಬಹುದು. ಹಾಗಿದ್ದರೂ ಇಲ್ಲದಿದ್ದರೂ ಬೇಗ ಪಶು ಆಸ್ಪತ್ರೆಗೆ ತಿಳಿಸಿ. ರಕ್ತ ಒಸರಿಲ್ಲದ ಹೆಣವನ್ನು ಅಲ್ಲಿ ಕೊಯ್ದು ನೋಡಿದಾಗ ಮೂತ್ರದಲ್ಲಿ ಸಕ್ಕರೆ, ಹೃದಯದ ಚೀಲದಲ್ಲಿ ನೀರು ಕಂಡರೆ ಕರುಳುಬೇನೆಯ ಅನುಮಾನ ಗಟ್ಟಿ. ಮೂತ್ರಪಿಂಡ ಮೆತ್ತಗಾಗುವುದೂ ಈ ಬೇನೆಯ ಗುರುತೇ, ಆದರೆ ತಡವಾದರೆ ಯಾವ ಹೆಣದ ಮೂತ್ರಪಿಂಡವೂ ಮೆತ್ತಗಾಗುತ್ತೆ, ಬ್ಯಾಕ್ಟೀರಿಯಾವೂ ತಾನೇ ಹೆಚ್ಚುತ್ತೆ. ಹಾಗಾಗಿ ಸಣ್ಣಕರುಳಿನ ಒಳಗಿನ ದ್ರವವನ್ನು ಐಸ್‌ನಲ್ಲಿಟ್ಟು ಲ್ಯಾಬಿಗೆ ಕಳಿಸಿ, ವಿಷವನ್ನೇ ಪರೀಕ್ಷೆ ಮಾಡಿಸಬೇಕು.