ಬೆಲ್ಜಿಯಂನ ಸ್ಟ್ರಾಂಗ್ ಡಾರ್ಕ್ ಏಲ್: ಮೊದಲ ಸಲ ಕುಡಿಯುವವರಿಗೆ ನಮ್ಮ ಅನುಭವ

ಪ್ರಶ್ನೆ: ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ಬ್ರಸೆಲ್ಸ್‌ಗೆ ಹೋಗ್ತಿದೀನಿ. ಬೆಂಗಳೂರಲ್ಲಿ ಲಾಗರ್ ಬಿಟ್ಟು ಬೇರೇನೂ ಕುಡಿದಿಲ್ಲ. ಅಲ್ಲಿನ ಸ್ಟ್ರಾಂಗ್ ಡಾರ್ಕ್ ಏಲ್, ಅಂದರೆ ಆಲ್ಕೋಹಾಲ್ ಜಾಸ್ತಿ ಇರೋ ಕಪ್ಪು ಬಣ್ಣದ ಬಿಯರ್, ರುಚಿ ನೋಡೋ ಆಸೆ. ಯಾವುದರಿಂದ ಶುರು ಮಾಡಲಿ, ಹೇಗೆ ಕುಡೀಬೇಕು? ಗೊತ್ತಿದ್ದವರು ಹೇಳಿ.

ಉತ್ತರ 1: ಲೂವೆನ್‌ನಲ್ಲಿ ಮೂರು ವರ್ಷ ಇದ್ದೆ, ಸ್ವಲ್ಪ ಉದ್ದವಾಗಿಯೇ ಬರೀತೀನಿ ಸರ್. ನಾನು ಕುಡಿದ ಮೊದಲನೇ ಡಾರ್ಕ್ ಏಲ್ ರೋಷ್ಫೋರ್ 10. ಪುಟ್ಟ ಬಾಟಲಿ, ಅಗಲ ಬಾಯಿಯ ಗ್ಲಾಸು. ಬಿಸಿಲಲ್ಲಿ ನಡೆದು ಬಂದಿದ್ದೆ, ಊರಲ್ಲಿ ಕುಡಿಯೋ ಹಾಗೆ ಎರಡು ದೊಡ್ಡ ಗುಟುಕು ಎಳೆದೆ. ನಾಲಿಗೆಗೆ ಸಿಹಿ, ಎದೆಯಲ್ಲಿ ಬಿಸಿ, ಅಷ್ಟೇ. ಇದಕ್ಕಾ ಇಷ್ಟು ಹೆಸರು ಅನ್ನಿಸಿ ಗ್ಲಾಸು ಪಕ್ಕಕ್ಕಿಟ್ಟು ಮಾತಿಗೆ ಕೂತೆ. ಅರ್ಧ ಗಂಟೆ ಬಿಟ್ಟು ಮತ್ತೆ ಎತ್ತಿಕೊಂಡಾಗ ಮೂಗಿಗೆ ಒಣದ್ರಾಕ್ಷಿ, ಅಂಜೂರ, ಅದರ ಬೆನ್ನಿಗೇ ಸಣ್ಣಗೆ ಲವಂಗ. ನಮ್ಮ ಸಾಗರದ ಮನೆಯಲ್ಲಿ ಜೋನಿ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಾಗ ಬರೋ ಪರಿಮಳ ನೆನಪಾಯ್ತು. ಅದೇ ಗ್ಲಾಸು, ಅದೇ ಬಿಯರ್. ತಣ್ಣಗಿರುವಾಗ ಅದು ಬಾಯಿ ಬಿಟ್ಟಿರಲಿಲ್ಲ. ಹಾಗಾಗಿ ಫ್ರಿಜ್ಜಿನಿಂದ ತೆಗೆದ ತಕ್ಷಣ ಬೇಡ, 12 ಡಿಗ್ರಿ ಆಸುಪಾಸಿಗೆ ಬರೋವರೆಗೆ ಕಾಯಿರಿ.

ಒಳಗೆ ಹಣ್ಣೂ ಇಲ್ಲ, ಲವಂಗವೂ ಇಲ್ಲ, ಆ ಪರಿಮಳವೆಲ್ಲ ಬಹುಪಾಲು ಯೀಸ್ಟಿನದು. ಬಣ್ಣ ನೋಡಿ ಕಾಫಿಯಂಥ ಕಹಿ ಇರುತ್ತೆ ಅಂದ್ಕೋಬೇಡಿ. ಸ್ಟೌಟ್ ಅನ್ನೋ ಇನ್ನೊಂದು ಬಗೆಯ ಕಪ್ಪು ಬಿಯರ್‌ಗೆ ಆ ಬಣ್ಣ ಬರೋದು ಹುರಿದ ಧಾನ್ಯದಿಂದ. ಈ ಏಲ್‌ಗಳಿಗೆ ಹೆಚ್ಚಾಗಿ ಕಾಯಿಸಿ ಕಪ್ಪಾದ ಸಕ್ಕರೆ ಪಾಕದಿಂದ. ಆ ಸಕ್ಕರೆ ಹೆಚ್ಚೂಕಡಿಮೆ ಪೂರ್ತಿ ಹುಳಿತು ಆಲ್ಕೋಹಾಲ್ ಆಗಿಬಿಡುತ್ತೆ, ಅದಕ್ಕೇ ಇಷ್ಟು ಸ್ಟ್ರಾಂಗ್ ಇದ್ದರೂ ಬಾಯಲ್ಲಿ ಅಂಟಲ್ಲ.

ಲೆಕ್ಕ ಮಾತ್ರ ಮರೀಬೇಡಿ. ರೋಷ್ಫೋರ್ 10ರಲ್ಲಿ ಆಲ್ಕೋಹಾಲ್ ಶೇ. 11.3. 330 ಎಂಎಲ್ ಬಾಟಲಿಯಲ್ಲಿ 37 ಎಂಎಲ್ ಶುದ್ಧ ಆಲ್ಕೋಹಾಲ್ ಆಯ್ತು. ನಮ್ಮ 650 ಎಂಎಲ್ ಬಾಟಲಿಯ ಶೇ. 5ರ ಲಾಗರ್‌ನಲ್ಲಿ 32.5. ಅಂದರೆ ಆ ಚಿಕ್ಕ ಬಾಟಲಿ ಒಂದು ದೊಡ್ಡ ಬಾಟಲಿಗಿಂತ ಜಾಸ್ತಿ. ಒಂದು ಸಂಜೆಗೆ ಒಂದು ಸಾಕು, ಪಕ್ಕದಲ್ಲಿ ನೀರಿರಲಿ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ಶುರುವಿಗೇ ರೋಷ್ಫೋರ್ 10 ಬೇಡ ಅಂತೀನಿ. ಮೊದಲ ದಿನ ವೆಸ್ಟ್‌ಮಾಲೆ ಡುಬೆಲ್ (ಶೇ. 7), ಮರುದಿನ ಶಿಮೆ ಬ್ಲೂ (ಶೇ. 9). ನಾಲಿಗೆ ಪಳಗುತ್ತೆ. ನನ್ನ ತಮ್ಮನಿಗೆ ನೇರ ದೊಡ್ಡದನ್ನೇ ಕುಡಿಸಿದ್ದೆ, ಅವನು ಇವತ್ತಿಗೂ ಆ ಕಡೆ ತಿರುಗಿ ನೋಡಲ್ಲ. ಕೆಫೆಗಳಲ್ಲಿ ಚೀಸ್ ತುಂಡುಗಳ ಜೊತೆ ಸಾಸಿವೆ ಪೇಸ್ಟ್ ಕೊಡ್ತಾರೆ. ಖಾಲಿ ಹೊಟ್ಟೆಯಲ್ಲಿ ಕೂರಬೇಡಿ.

ಉತ್ತರ 3: ಒಂದು ಶನಿವಾರ ಬಿಡುವಿದ್ದರೆ ವೆಸ್ಟ್‌ಫ್ಲೆಟರನ್‌ಗೆ ಹೋಗಿ. ಬಿಯರ್ ತಯಾರಿಸೋ ಸಿಂಟ್ ಸಿಕ್ಸ್ಟಸ್ ಮಠ ಅಲ್ಲಿದೆ, ಅದರ ಎದುರಿಗೇ 'ಇನ್ ಡೆ ವ್ರೇಡೆ' ಕೆಫೆ ಇದೆ, ಹಳದಿ ಮುಚ್ಚಳದ ವೆಸ್ಟ್‌ಫ್ಲೆಟರನ್ 12 ಅಲ್ಲಿ ಸಿಗುತ್ತೆ. ಎಲ್ಲ ದಿನ ತೆರೆದಿರಲ್ಲ, ನೋಡಿಕೊಂಡು ಹೊರಡಿ. ಹತ್ತಿರದ ಪೋಪರಿಂಗೆ ಪಟ್ಟಣದವರೆಗೆ ರೈಲಿದೆ, ಕುಡಿಯೋದಿದ್ದರೆ ಕಾರು ಬೇಡ. ಹೋಗೋಕಾಗದಿದ್ದರೂ ಬೇಸರ ಬೇಡ. ಹತ್ತಿರದ ವಾಟೌ ಊರಿನ ಸೇಂಟ್ ಬರ್ನಾರ್ಡಸ್‌ನವರು 1946ರಿಂದ 1992ರವರೆಗೆ ಆ ಮಠದ ಬಿಯರನ್ನೇ ಪರವಾನಗಿ ಪಡೆದು ತಯಾರಿಸ್ತಿದ್ದರು. ಅವರ ಆಪ್ಟ್ 12 ಅಂಗಡಿಗಳಲ್ಲೇ ಸಿಗುತ್ತೆ, ನನಗಂತೂ ಅದರ ಮೇಲೆಯೇ ಪ್ರೀತಿ.

ಊರಿಗೆ ತರೋದಾದರೆ: ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್. 330 ಎಂಎಲ್‌ನ ಆರು ಬಾಟಲಿ ಅಂದರೆ 1.98 ಲೀಟರ್, ಸರಿಯಾಗಿ ಕೂರುತ್ತೆ. ಬಟ್ಟೆ ಸುತ್ತಿ ಚೆಕ್‌ಇನ್ ಬ್ಯಾಗಿಗೆ ಹಾಕಿ. ಮನೆಗೆ ಬಂದಮೇಲೆ ಎರಡು ದಿನ ನೆಟ್ಟಗೆ ನಿಲ್ಲಿಸಿಡಿ, ತಳದಲ್ಲಿರೋ ಯೀಸ್ಟ್ ಕದಡಿರುತ್ತೆ. ಸುರಿಯುವಾಗ ಗ್ಲಾಸು ಓರೆ ಹಿಡಿದು ಒಂದೇ ಸಮನೆ ನಿಧಾನ ಬಗ್ಗಿಸಿ, ಕೊನೆಯ ಒಂದು ಬೆರಳಿನಷ್ಟು ಬಾಟಲಿಯಲ್ಲೇ ಬಿಡಿ.